ಕೆಜಿಎಫ್‌ನ ಹಳೆಯ ಮನೆಯಿಂದ ಬಂದ ಟ್ರೈ-ಆಂಗ್ ಡೀಸೆಲ್ ಶಂಟರ್: ಕೊಂಡ ಬಗೆ, ರಿಪೇರಿ ಮಾಡಿದ ಬಗೆ

ಹಳೆಯ ಆಟಿಕೆ ರೈಲಿನ ಎಂಜಿನ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಅದರ ಬಣ್ಣದ ಮೇಲೆ, ಮೈಮೇಲಿನ ಅಂಕಿಗಳ ಮೇಲೆ, ಪೆಟ್ಟಿಗೆ ಉಳಿದಿದೆಯೇ ಇಲ್ಲವೇ ಎಂಬುದರ ಮೇಲೆ. ಮಾರುವವರು ಬೆಲೆ ಹೇಳುವುದೂ ಅದನ್ನೇ ನೋಡಿಕೊಂಡು. ಆದರೆ ಕೊಂಡ ಎಂಜಿನ್ ಮತ್ತೆ ಹಳಿಯ ಮೇಲೆ ಓಡಬೇಕು ಎಂಬ ಆಸೆಯುಳ್ಳವರು ಅದನ್ನು ಅಂಗಾತ ಮಲಗಿಸಿ, ತಳದ ಎರಕ, ಗಾಲಿ ಮತ್ತು ಮೋಟಾರು ಹೇಗಿವೆ ಎಂಬುದನ್ನು ಮೊದಲು ನೋಡಬೇಕು; ಬಣ್ಣ ಮಾಸಿದ್ದರೆ ನಷ್ಟವಿಲ್ಲ, ಎರಕ ಬಿರುಕು ಬಿಟ್ಟಿದ್ದರೆ ಮಾತ್ರ ಆ ಎಂಜಿನ್ನಿಗೆ ಮುಂದೆ ದಾರಿಯಿಲ್ಲ. ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ನಾನು ಕೊಂಡ ಟ್ರೈ-ಆಂಗ್ ಡೀಸೆಲ್ ಶಂಟರ್ (ಬೋಗಿಗಳನ್ನು ಹಿಂದೆಮುಂದೆ ಎಳೆದು ಜೋಡಿಸುವ ಎಂಜಿನ್ನಿನ ಆಟಿಕೆ ರೂಪ) ಒಂದರ ರಿಪೇರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೊಸ ಭಾಗ ಹಾಕುವುದಕ್ಕೆ ಮುಂಚೆ ತೊಳೆಯಬೇಕು, ತೊಳೆಯುವುದಕ್ಕೆ ಮುಂಚೆ ಅಳೆಯಬೇಕು ಎಂಬುದೇ ಈ ಕೆಲಸದುದ್ದಕ್ಕೂ ನಾನು ಹಿಡಿದ ಕ್ರಮ.

ಇದು ಯಾವ ಎಂಜಿನ್

ಇಂಗ್ಲೆಂಡಿನ ಲೈನ್ಸ್ ಬ್ರದರ್ಸ್ ಕಂಪನಿ 1951ರಲ್ಲಿ ರೋವೆಕ್ಸ್ ಎಂಬ ಪ್ಲಾಸ್ಟಿಕ್ ಆಟಿಕೆ ಕಂಪನಿಯನ್ನು ಕೊಂಡು, ಟ್ರೈ-ಆಂಗ್ ಹೆಸರಿನಲ್ಲಿ ವಿದ್ಯುತ್ ರೈಲುಗಳನ್ನು ಮಾರತೊಡಗಿತು. 1954ರಲ್ಲಿ ತಯಾರಿಕೆ ಕೆಂಟ್ ಪ್ರಾಂತ್ಯದ ಮಾರ್ಗೇಟ್‌ನ ಹೊಸ ಕಾರ್ಖಾನೆಗೆ ಹೋಯಿತು. 1956ರಲ್ಲಿ ಬಂದ ಆರ್. 152 ಎಂಬ ಮಾದರಿಯೇ ನನ್ನ ಕೈಗೆ ಸಿಕ್ಕದ್ದು. ಬ್ರಿಟಿಷ್ ರೈಲ್ವೆಯವರು 1952ರಿಂದ 1962ರವರೆಗೆ ಕಟ್ಟಿಸಿದ 350 ಅಶ್ವಶಕ್ತಿಯ ಶಂಟಿಂಗ್ ಎಂಜಿನ್ನುಗಳ, ಅಂದರೆ ಇಂದು ಕ್ಲಾಸ್ 08 ಎಂದು ಕರೆಯುವವುಗಳ, ರೂಪವನ್ನು ಇದಕ್ಕೆ ಕೊಟ್ಟಿದ್ದಾರೆ. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಆರು ಸಿಲಿಂಡರಿನ ಎಂಜಿನ್ ಹೊತ್ತ ಆ ನಿಜವಾದ ಶಂಟರುಗಳು ಒಟ್ಟು 996 ಆದವು. ಆಟಿಕೆಯು ಓಓ ಅಳತೆಯದು. ಒಂದು ಅಡಿಗೆ 4 ಮಿ.ಮೀ. ಲೆಕ್ಕ, ಹಳಿಗಳ ನಡುವಿನ ಅಂತರ 16.5 ಮಿ.ಮೀ., ಓಡುವುದು 12 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ.

ಈ ಶಂಟರಿನ ತಳಭಾಗವು ಟ್ರೈ-ಆಂಗ್‌ನವರದೇ ಜಿಂಟಿ ಎಂಬ ಆರು ಗಾಲಿಯ ಉಗಿ ಎಂಜಿನ್ನಿನ ತಳಭಾಗವೇ ಆಗಿದೆ. ಹಾಗಾಗಿ ಗಾಲಿಗಳ ನಡುವಿನ ಅಂತರ ನಿಜವಾದ ಡೀಸೆಲ್ ಎಂಜಿನ್ನಿನ ಅಂತರಕ್ಕೆ ಹೊಂದುವುದಿಲ್ಲ. ಅಳತೆಯ ಶುದ್ಧಿಯನ್ನೇ ಬಯಸುವವರಿಗೆ ಇದು ಕೊರತೆಯಾಗಿ ಕಾಣಬಹುದು. ರಿಪೇರಿ ಮಾಡುವ ನನಗೆ ಮಾತ್ರ ಇದು ದೊಡ್ಡ ಅನುಕೂಲ, ಏಕೆಂದರೆ ಇದರೊಳಗಿರುವ ಎಕ್ಸ್. 04 ಮೋಟಾರನ್ನು ಟ್ರೈ-ಆಂಗ್‌ನವರು ತಮ್ಮ ಹತ್ತಾರು ಎಂಜಿನ್ನುಗಳಿಗೆ ಹಾಕಿದ್ದರಿಂದ ಅದರ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ತುಂಡು), ಸ್ಪ್ರಿಂಗ್, ಮ್ಯಾಗ್ನೆಟ್ ಎಲ್ಲವೂ ಈಗಲೂ ಸಿಗುತ್ತವೆ. ಲೈನ್ಸ್ ಬ್ರದರ್ಸ್ 1964ರಲ್ಲಿ ಹಾರ್ನ್‌ಬಿ ರೈಲುಗಳ ಮಾಲೀಕರಾದ ಮೆಕ್ಯಾನೋ ಕಂಪನಿಯನ್ನು ಕೊಂಡಿತು, 1971ರಲ್ಲಿ ತಾನೇ ಕುಸಿಯಿತು. ಮಾರ್ಗೇಟ್‌ನ ರೈಲುಗಳು ಮರುವರ್ಷದಿಂದ ಹಾರ್ನ್‌ಬಿ ರೈಲ್ವೇಸ್ ಎಂಬ ಹೆಸರಿನಲ್ಲಿ ಬರತೊಡಗಿದವು. ಹಳೆಯ ಮೋಟಾರಿನ ಬಿಡಿಭಾಗಗಳು ಬಾಳಿದ್ದಕ್ಕೆ ಈ ಮುಂದುವರಿಕೆಯೂ ಒಂದು ಕಾರಣ ಎಂದು ನಾನು ಎಣಿಸುತ್ತೇನೆ.

ಕೊಳ್ಳುವಾಗ ನೋಡಿದ್ದು

ಇಂಥ ಎಂಜಿನ್ನುಗಳಿಗೆ ಕೆಜಿಎಫ್‌ನಲ್ಲಿ ಹುಡುಕುವುದಕ್ಕೆ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆ ಹಿಡಿದ ಮೇಲೆ ಇಂಗ್ಲಿಷ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳು ತಲೆಮಾರುಗಟ್ಟಲೆ ಇಲ್ಲಿ ನೆಲೆಸಿದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಈ ಊರಿಗೆ ಬಂದಿತ್ತು. ವಿಲಾಯಿತಿಗೆ ಹೋಗಿಬಂದವರು ಮಕ್ಕಳಿಗೆ ತಂದ ಸಾಮಾನುಗಳಲ್ಲಿ ರೈಲೂ ಇರುತ್ತಿತ್ತು. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಅನೇಕ ಮನೆಗಳ ಅಟ್ಟ ಖಾಲಿಯಾಯಿತು, ಸಾಮಾನು ಗುಜರಿಗೂ ಹೋಯಿತು. ಹೊರದೇಶದಿಂದ ತರಿಸುವುದಾದರೆ ಸುಂಕದ ಭಾರವಿದೆ: ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಬ್ರಷ್, ಸ್ಪ್ರಿಂಗಿನಂಥ ಸಣ್ಣ ಸಾಮಾನನ್ನು ತರಿಸಿಕೊಳ್ಳಬಹುದು. ಇಡೀ ಎಂಜಿನ್ನನ್ನು ತರಿಸುವುದು ನನ್ನಂಥವರಿಗೆ ಎಟುಕುವ ಮಾತಲ್ಲ.

ಎಂಜಿನ್ ಇದ್ದದ್ದು ಊರ್ಗಾಂ ಕಡೆಯ ಮನೆಯೊಂದರಲ್ಲಿ. ಮನೆಯೊಡತಿ ನಿವೃತ್ತ ಶಿಕ್ಷಕಿ, ತಂದೆ ಗಣಿಯಲ್ಲಿ ಕೆಲಸದಲ್ಲಿದ್ದವರು. "ನಮ್ಮ ತಂದೆಯವರು ತಮ್ಮನಿಗೆ ಅಂತ ತಂದಿದ್ದು, ಓಡುತ್ತೋ ಇಲ್ಲವೋ ನನಗೆ ಗೊತ್ತಿಲ್ಲಪ್ಪ" ಎಂದರು. "ಓಡದಿದ್ದರೂ ಪರವಾಗಿಲ್ಲಮ್ಮ, ಒಂದು ಸಲ ಮಗುಚಿ ನೋಡಿಕೊಳ್ಳುತ್ತೇನೆ" ಎಂದು ಕೇಳಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಹಸಿರು ಬಣ್ಣದ ಬಾಡಿಯ ಮೇಲೆ ಡಿ 3035 ಎಂಬ ಅಂಕಿ ಸ್ಪಷ್ಟವಾಗಿತ್ತು. ಮುಂದಿನ ಒಂದು ಬಫರ್ (ಬೋಗಿಗೆ ತಾಗುವಾಗ ಹೊಡೆತ ತಡೆಯುವ ಗುಂಡು ತಟ್ಟೆ) ಮುರಿದುಹೋಗಿತ್ತು.

ಮೊದಲು ನೋಡಿದ್ದು ತಳದ ಎರಕವನ್ನು. ಇದು ಮಜಾಕ್ ಎಂಬ ಸತುವಿನ ಮಿಶ್ರಲೋಹ. ಸುಮಾರು ಶೇ 4ರಷ್ಟು ಅಲ್ಯೂಮಿನಿಯಂ ಇರುತ್ತದೆ. ಎರಕ ಹೊಯ್ಯುವಾಗ ಸೀಸದ ಅಂಶ ಸೇರಿಕೊಂಡಿದ್ದರೆ ಲೋಹದ ಹರಳುಗಳ ಸಂದಿನಲ್ಲೇ ಕೊಳೆತ ಶುರುವಾಗಿ, ವರ್ಷಗಳು ಕಳೆದಂತೆ ಎರಕ ಉಬ್ಬಿ, ಬಾಗಿ, ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. ಬಿಸಿ ಮತ್ತು ತೇವ ಎರಡೂ ಕೂಡಿದಲ್ಲಿ ಇದು ಬೇಗ ಹಬ್ಬುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎರಕಗಳಲ್ಲಿ ಈ ರೋಗ ಹೆಚ್ಚು, 1950ರ ದಶಕದವುಗಳಲ್ಲಿ ಕಡಿಮೆ. ಆದರೂ ನೋಡದೆ ಬಿಡಬಾರದು. ಉಕ್ಕಿನ ಅಡಿಪಟ್ಟಿಯನ್ನು ಎರಕದ ಪಕ್ಕಕ್ಕೆ ಇಟ್ಟರೆ ಬಾಗಿದ್ದು ತಕ್ಷಣ ಕಾಣುತ್ತದೆ, ಭೂತಗನ್ನಡಿಯಲ್ಲಿ ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಇದರಲ್ಲಿ ಎರಡೂ ಇರಲಿಲ್ಲ. ಕೋಲಾರದ ಒಣಹವೆ ಇಂಥ ವಸ್ತುಗಳಿಗೆ ಕರಾವಳಿಯ ಹವೆಗಿಂತ ಮೇಲು.

ಗಾಲಿಯನ್ನು ಬೆರಳಿನಿಂದ ತಿರುಗಿಸಿ, ತಿರುಗದಿದ್ದರೆ "ಜಾಮ್ ಆಗಿದೆ" ಎಂದು ಬಿಟ್ಟುಬಿಡುವವರನ್ನು ನೋಡಿದ್ದೇನೆ. ಈ ಮೋಟಾರಿನಿಂದ ಗಾಲಿಗೆ ಶಕ್ತಿ ಹೋಗುವುದು ವರ್ಮ್ ಗೇರಿನ, ಅಂದರೆ ಮೋಟಾರಿನ ಶಾಫ್ಟಿನ ಮೇಲಿರುವ ಸ್ಕ್ರೂ ಆಕಾರದ ಗೇರಿನ, ಮೂಲಕ. ವರ್ಮ್ ಗಾಲಿಯನ್ನು ತಿರುಗಿಸುತ್ತದೆಯೇ ಹೊರತು ಗಾಲಿ ವರ್ಮನ್ನು ತಿರುಗಿಸಲಾರದು. ಸುಸ್ಥಿತಿಯ ಎಂಜಿನ್ನಿನಲ್ಲಿಯೂ ಗಾಲಿ ಕೈಗೆ ತಿರುಗುವುದಿಲ್ಲ. ಬಲ ಹಾಕಿದರೆ ಗಾಲಿ ಅಚ್ಚಿನ ಮೇಲೆ ಜಾರಿ ಎಡಬಲದ ಹೊಂದಾಣಿಕೆ ಕೆಡುತ್ತದೆ. ತಿರುಗಿಸಿ ನೋಡಬೇಕಾದದ್ದು ಆರ್ಮೇಚರನ್ನು, ಅಂದರೆ ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗವನ್ನು. ಇದು ಬೆರಳ ತುದಿಗೆ ಬಿಗಿಯಾಗಿ, ಮರಳು ಕಡಿದಂತೆ ಕಿರುಗುಟ್ಟುತ್ತಾ ತಿರುಗಿತು. ಜೊತೆಗೆ ಒಯ್ದಿದ್ದ 9 ವೋಲ್ಟ್ ಬ್ಯಾಟರಿಯ ತಂತಿಗಳನ್ನು ಎಡಬಲದ ಗಾಲಿಗಳಿಗೆ ಮುಟ್ಟಿಸಿದಾಗ ಕಿಡಿ ಹಾರಿತೇ ವಿನಾ ಆರ್ಮೇಚರ್ ಅಲ್ಲಾಡಲಿಲ್ಲ. ಕಿಡಿ ಬಂತೆಂದರೆ ವಿದ್ಯುತ್ತು ಎಲ್ಲಿಯೋ ಅಡ್ಡದಾರಿ ಹಿಡಿಯುತ್ತಿದೆ ಎಂದರ್ಥ. ಇಂಥ ಶಾರ್ಟ್ ಬಹುಮಟ್ಟಿಗೆ ಬ್ರಷ್ಷಿನ ಹತ್ತಿರವೇ ಇರುತ್ತದೆ, ಸರಿಪಡಿಸಲು ಬರುವಂಥದ್ದು. ಅಮ್ಮ ಹೇಳಿದ ಬೆಲೆಗೇ ಒಪ್ಪಿ ತಂದೆ. ಜೊತೆಗಿದ್ದ ಹಳೆಯ ಕಂಟ್ರೋಲರನ್ನೂ (ರೈಲಿನ ವೇಗ, ದಿಕ್ಕು ಬದಲಿಸುವ ಪೆಟ್ಟಿಗೆ) ಅವರು ಕೊಟ್ಟರು. ಅದರ ರಬ್ಬರ್ ವೈರು ಮುಟ್ಟಿದರೆ ಉದುರುತ್ತಿತ್ತು. 230 ವೋಲ್ಟಿಗೆ ಅದನ್ನು ಯಾವ ಕಾರಣಕ್ಕೂ ಸಿಕ್ಕಿಸಬಾರದು. ಪ್ಲಗ್ ಕತ್ತರಿಸಿ ಪ್ರದರ್ಶನಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಬಿಚ್ಚಿ ತೊಳೆದದ್ದು

ಬಾಡಿಯನ್ನು ಕಳಚಿ ಮೋಟಾರಿನ ಸುತ್ತ ನೋಡಿದಾಗ ಗೇರಿನ ಹಲ್ಲುಗಳ ನಡುವೆ ಬೂದುಬಣ್ಣದ ಗಟ್ಟಿ ಮೇಣದಂಥ ಪದಾರ್ಥ ತುಂಬಿತ್ತು. ಚಿಮಟದಿಂದ ಒಂದಿಷ್ಟು ಕಿತ್ತು ಬಿಳಿ ಕಾಗದದ ಮೇಲೆ ಒರೆಸಿ ಭೂತಗನ್ನಡಿ ಹಿಡಿದೆ: ಒಣಗಿದ ಎಣ್ಣೆಯಲ್ಲಿ ಕೂತ ನುಣುಪು ಮರಳು, ಬೆಳಕಿಗೆ ಮಿಣುಕುತ್ತಿತ್ತು. ಕೆಜಿಎಫ್‌ನಲ್ಲಿ ವಾಸವಿದ್ದವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಚಿನ್ನ ತೆಗೆದ ಅದಿರಿನ ಪುಡಿಯನ್ನು ರಾಶಿ ಹಾಕಿದ ಸೈನೈಡ್ ದಿಬ್ಬಗಳಿಂದ ಗಾಳಿಗಾಲದಲ್ಲಿ ಏಳುವ ಧೂಳು ಊರಿನ ಪ್ರತಿ ಮನೆಯೊಳಕ್ಕೂ ಬರುತ್ತದೆ. ಕೆಜಿಎಫ್‌ನ ಅದಿರು ಕ್ವಾರ್ಟ್ಜ್ ಕಲ್ಲು, ಹಿತ್ತಾಳೆಗಿಂತ ಬಹಳ ಗಡಸು. ಇಂಥ ಮರಳಿದ್ದಾಗ ಮೇಲೆ ಹೊಸ ಎಣ್ಣೆ ಬಿಟ್ಟು ಓಡಿಸಿದರೆ ಮರಳು ಶಾಫ್ಟು ತಿರುಗುವ ಬುಷ್‌ಗಳೊಳಕ್ಕೆ ಇಳಿದು ಅವುಗಳನ್ನು ಸವೆಸುತ್ತದೆ. ಈ ಊರಿನಿಂದ ಬಂದ ಯಾವ ಯಂತ್ರವನ್ನೂ ತೊಳೆಯದೆ ಎಣ್ಣೆ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಣ ಧೂಳನ್ನು ಊದಿ ಹಾರಿಸುವುದೂ ಬೇಡ. ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ಒದ್ದೆಯಾಗಿಯೇ ತೆಗೆಯಬೇಕು.

ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಹಿರಿಯರೊಬ್ಬರು ನನಗೆ ಇಂಥ ಕೆಲಸಗಳಲ್ಲಿ ಗುರುಗಳಿದ್ದಂತೆ. ಎಂಜಿನ್ನನ್ನು ತೋರಿಸಿ, "ಅಣ್ಣಾ, ಮೋಟಾರನ್ನು ಪೂರ್ತಿ ಬಿಚ್ಚಲೇ?" ಎಂದು ಕೇಳಿದೆ. "ಬಿಚ್ಚೋಕೆ ಯಾವಾಗ ಬೇಕಾದ್ರೂ ಬಿಚ್ಚಬಹುದು. ಬಿಚ್ಚದೆ ಎಷ್ಟು ಆಗುತ್ತೋ ಅಷ್ಟನ್ನ ಮೊದಲು ಮಾಡಿ ನೋಡಿ" ಎಂದರು. ಈ ಮೋಟಾರಿನ ವಿಷಯದಲ್ಲಿ ಅದು ನೂರಕ್ಕೆ ನೂರು ಸರಿಯಾದ ಮಾತು. ಎಕ್ಸ್. 04ರ ಮ್ಯಾಗ್ನೆಟ್ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಆಲ್ನಿಕೋ. ಅದರ ಎರಡು ತುದಿಗಳ ನಡುವೆ ಕಬ್ಬಿಣದ ದಾರಿ ಇರುವವರೆಗೆ ಅದು ತನ್ನ ಬಲವನ್ನು ಉಳಿಸಿಕೊಳ್ಳುತ್ತದೆ. ಆರ್ಮೇಚರನ್ನು ಹೊರಗೆ ತೆಗೆದರೆ ಅಥವಾ ಮ್ಯಾಗ್ನೆಟ್ಟನ್ನೇ ಕಳಚಿದರೆ ಬಲ ಕುಗ್ಗುತ್ತದೆ, ಮತ್ತೆ ಜೋಡಿಸಿದ ಮಾತ್ರಕ್ಕೆ ಮೊದಲಿನಷ್ಟಾಗುವುದಿಲ್ಲ. ತೆಗೆಯಲೇಬೇಕಾದರೆ ಮೆದುಕಬ್ಬಿಣದ ತುಂಡೊಂದನ್ನು ಎರಡು ತುದಿಗಳಿಗೆ ಅಡ್ಡಲಾಗಿ ಕೂರಿಸಿಕೊಂಡೇ ತೆಗೆಯಬೇಕು. ನಾನು ಆರ್ಮೇಚರನ್ನು ಸ್ಥಳದಲ್ಲೇ ಬಿಟ್ಟು, ಮೋಟಾರನ್ನು ಇಡಿಯಾಗಿ ತಳದಿಂದ ಬಿಡಿಸಿದೆ.

ಗೇರು ಮತ್ತು ತಳಕ್ಕೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ ಸಾಕಾಯಿತು. ಬಾಡಿ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಅದಕ್ಕೆ ಥಿನ್ನರ್, ಪೆಟ್ರೋಲ್, ಅಸಿಟೋನ್ ಸೋಕಲೇಬಾರದು, ಕ್ಷಣದಲ್ಲಿ ಮೇಲ್ಮೈ ಕರಗಿಬಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅಂಕಿಗಳನ್ನು ತಿಕ್ಕದೆ ಮೆತ್ತಗಿನ ಕುಂಚದಿಂದ ತೊಳೆದೆ. ಮತ್ತೆ ಬಣ್ಣ ಹೊಡೆಯುವ ಯೋಚನೆಯನ್ನೇ ಮಾಡಲಿಲ್ಲ. ಕಾರ್ಖಾನೆಯ ಬಣ್ಣ ಒಂದು ಸಲ ಹೋದರೆ ಹೋದಂತೆಯೇ.

ಬ್ರಷ್‌ಗಳಿಂದ ಆರ್ಮೇಚರಿಗೆ ವಿದ್ಯುತ್ತು ದಾಟಿಸುವ ಭಾಗವಾದ ಕಾಮ್ಯುಟೇಟರ್ ಕಪ್ಪಗಾಗಿತ್ತು. ಹತ್ತಿಯ ಕಡ್ಡಿಯನ್ನು ಆಲ್ಕೊಹಾಲಿನಲ್ಲಿ ಅದ್ದಿ ಅದಕ್ಕೆ ಒತ್ತಿ ಹಿಡಿದು, ಆರ್ಮೇಚರನ್ನು ಬೆರಳಿನಿಂದ ತಿರುಗಿಸುತ್ತಾ ಹೋದರೆ ತಾಮ್ರದ ಬಣ್ಣ ಬರುತ್ತದೆ. ಮೂರು ತಾಮ್ರದ ಪಟ್ಟಿಗಳ ನಡುವಿನ ಸಂದುಗಳಲ್ಲಿ ಕಾರ್ಬನ್ ಪುಡಿ ಗಟ್ಟಿಯಾಗಿ ಕೂತಿತ್ತು, ಅದನ್ನು ಬಿದಿರಿನ ಹಲ್ಲುಕಡ್ಡಿಯ ಚೂಪು ತುದಿಯಿಂದ ಕೆರೆದೆ. ಉಪ್ಪುಕಾಗದ ಬೇಡ, ಅದು ಮಾಡುವ ಗೀರುಗಳಲ್ಲಿ ಕಾರ್ಬನ್ ಬೇಗ ಸೇರಿಕೊಳ್ಳುತ್ತದೆ. ಆಮೇಲೆ ಮಲ್ಟಿಮೀಟರಿನ ಮುಳ್ಳುಗಳನ್ನು ಎರಡೆರಡು ಪಟ್ಟಿಗಳಿಗೆ ಹಿಡಿದು ರೋಧವನ್ನು ಅಳೆದೆ. ಮೂರೂ ಜೋಡಿಗಳಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ಬಂದದ್ದರಿಂದ ಸುರುಳಿಗಳು ಕ್ಷೇಮವಾಗಿವೆ ಎಂದಾಯಿತು. ಯಾವುದಾದರೂ ಒಂದು ಜೋಡಿಯ ಅಂಕಿ ಬೇರೆಯಾಗಿದ್ದರೆ ಆ ಸುರುಳಿ ಸುಟ್ಟಿದೆ ಅಥವಾ ಕಡಿದಿದೆ ಎಂದು ತಿಳಿಯಬೇಕು. ಪಟ್ಟಿಗೂ ಶಾಫ್ಟಿಗೂ ಸಂಪರ್ಕ ಇರಬಾರದು, ಇರಲಿಲ್ಲ.

ಶಾರ್ಟ್ ಆಗುತ್ತಿದ್ದದ್ದು ನಾನು ಎಣಿಸಿದ್ದ ಜಾಗದಲ್ಲೇ. ಈ ಮೋಟಾರಿನಲ್ಲಿ ಎರಡು ಬ್ರಷ್‌ಗಳನ್ನು ಕಾಮ್ಯುಟೇಟರಿಗೆ ಒತ್ತಿ ಹಿಡಿಯುವುದು ಹೇರ್‌ಪಿನ್ ಆಕಾರದ ಒಂದೇ ಸ್ಪ್ರಿಂಗ್. ಒಂದು ಕಡೆಯ ಹಳಿಯ ವಿದ್ಯುತ್ತು ಲೋಹದ ತಳದ ಮೂಲಕವೇ ಒಂದು ಬ್ರಷ್ಷಿಗೆ ಬರುತ್ತದೆ. ಇನ್ನೊಂದು ಕಡೆಯ ಗಾಲಿಗಳು ಅಚ್ಚಿನಿಂದ ಬೇರ್ಪಟ್ಟಿದ್ದು, ಅವುಗಳನ್ನು ಸವರುವ ತಾಮ್ರದ ಪಟ್ಟಿಯಿಂದ ಇನ್ನೊಂದು ಬ್ರಷ್ಷಿಗೆ ವೈರು ಹೋಗುತ್ತದೆ. ಹೀಗಿರುವಾಗ ಒಂದೇ ಸ್ಪ್ರಿಂಗ್ ಎರಡನ್ನೂ ಮುಟ್ಟಿದರೆ ಶಾರ್ಟ್ ಆಗಲೇಬೇಕು; ಅದನ್ನು ತಪ್ಪಿಸಲು ಸ್ಪ್ರಿಂಗಿನ ಒಂದು ಕಾಲಿಗೆ ಮಾತ್ರ ತೆಳುವಾದ ಇನ್ಸುಲೇಷನ್ ಕೊಳವೆ ತೊಡಿಸಿರುತ್ತಾರೆ. ನನ್ನ ಎಂಜಿನ್ನಿನಲ್ಲಿ ಆ ಕೊಳವೆ ಒಣಗಿ ಸೀಳಿ, ಅರ್ಧ ಉದುರಿಹೋಗಿತ್ತು. ತೆಳುವಾದ ವೈರೊಂದರ ಪಿವಿಸಿ ಸಿಪ್ಪೆಯನ್ನು ಅದೇ ಉದ್ದಕ್ಕೆ ಕತ್ತರಿಸಿ ತೊಡಿಸಿದೆ. ವಿದ್ಯುತ್ತಿನ ದೋಷ ಅಷ್ಟಕ್ಕೇ ನೀಗಿತು. ಬ್ರಷ್‌ಗಳು ಸವೆದು ಬಿಲ್ಲೆಯಷ್ಟು ತೆಳ್ಳಗಾಗಿದ್ದರಿಂದ ಹೊಸ ಜೋಡಿ ಹಾಕಿದೆ. ಸ್ಪ್ರಿಂಗ್ ಸಡಿಲವಾಗಿದೆಯೆಂದು ಅದನ್ನು ಬಗ್ಗಿಸಿ ಬಿಗಿ ಮಾಡುವವರಿದ್ದಾರೆ. ಬಿಗಿ ಹೆಚ್ಚಾದರೆ ಮೋಟಾರು ಬಿಸಿಯಾಗುತ್ತದೆ, ಕಾಮ್ಯುಟೇಟರ್ ಸವೆಯುತ್ತದೆ. ನಾನು ಅದನ್ನು ಇದ್ದಂತೆಯೇ ಬಿಟ್ಟೆ.

ಮೋಟಾರು ಹೊರಗಿರುವಾಗಲೇ ಮಾಡಬೇಕಾದ ಪರೀಕ್ಷೆ ಇನ್ನೊಂದಿದೆ. ಬರಿಯ ತಳವನ್ನು ಗಾಜಿನ ಮೇಲಿಟ್ಟು ಮೆಲ್ಲಗೆ ಓರೆ ಮಾಡಿದರೆ ಅದು ತಾನಾಗಿ ಉರುಳಬೇಕು. ಆರು ಗಾಲಿಗಳಲ್ಲಿ ಗೇರು ಇರುವುದು ಒಂದು ಅಚ್ಚಿಗೆ ಮಾತ್ರ, ಉಳಿದವು ಪಕ್ಕದ ಕೂಡುಸರಳುಗಳ ಎಳೆತದಿಂದ ತಿರುಗುತ್ತವೆ. ಕೂಡುಸರಳು ಕೂರುವ ಎಡಗಡೆಯ ಪಿನ್ನುಗಳು ಬಲಗಡೆಯವುಗಳಿಗೆ 90 ಡಿಗ್ರಿ ಕೋನದಲ್ಲಿರಬೇಕು. ಒಂದು ಗಾಲಿ ಸ್ವಲ್ಪ ಜಾರಿದ್ದರೂ ಪ್ರತಿ ಸುತ್ತಿಗೆ ಒಂದು ಕಡೆ ಹಿಡಿಯುತ್ತದೆ. ಇದು ಹಿಡಿಯಲಿಲ್ಲ, ಸಲೀಸಾಗಿ ಉರುಳಿತು. ಗಾಲಿಗಳು ಕಬ್ಬಿಣದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದವು. ಅಂಚಿನಲ್ಲಿ ಹಿಡಿದಿದ್ದ ತುಕ್ಕನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ ತೆಗೆದೆ.

ಎಣ್ಣೆಗೆ ಹೊಲಿಗೆ ಮಷಿನ್ನಿನ ಎಣ್ಣೆಯೇ ಸಾಕು. ಸೂಜಿಯ ತುದಿಯಲ್ಲಿ ನಿಲ್ಲುವಷ್ಟನ್ನು ಮೋಟಾರಿನ ಎರಡು ಬೇರಿಂಗಿಗೆ, ಪ್ರತಿ ಅಚ್ಚಿಗೆ, ಪ್ರತಿ ಪಿನ್ನಿಗೆ ಮುಟ್ಟಿಸಿದೆ. ವರ್ಮಿಗೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ತೆಳು ಗ್ರೀಸ್. ಕಾಮ್ಯುಟೇಟರಿಗೆ ಎಣ್ಣೆ ತಾಕಬಾರದು. ತಾಕಿದರೆ ಕಾರ್ಬನ್ ಪುಡಿ ಅದರೊಡನೆ ಕಲಸಿ ಸಂದುಗಳು ಮತ್ತೆ ಮುಚ್ಚುತ್ತವೆ.

ವಿದ್ಯುತ್ತು ಕೊಟ್ಟದ್ದು

ಕಂಟ್ರೋಲರನ್ನು ನಾನೇ ಕಟ್ಟಿದೆ. ಸಾಮಾನೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ, ಕೆಜಿಎಫ್‌ನ ಮಾರಿಕುಪ್ಪಂ ನಿಲ್ದಾಣದಿಂದ ಹೊರಡುವ ರೈಲು ಹಿಡಿದರೆ ಒಂದೇ ದಿನದಲ್ಲಿ ಹೋಗಿ ಬರಬಹುದು. 15 ವೋಲ್ಟ್, 2 ಆಂಪಿಯರಿನ ರೆಡಿಮೇಡ್ ಅಡಾಪ್ಟರ್, ಎಲ್‌ಎಂ 317 ಎಂಬ ವೋಲ್ಟೇಜ್ ರೆಗ್ಯುಲೇಟರ್, 240 ಓಮ್ ರೆಸಿಸ್ಟರ್, 2 ಕಿಲೋ ಓಮ್ ಪೊಟೆನ್ಷಿಯೋಮೀಟರ್ (ತಿರುಗಿಸಿ ರೋಧ ಬದಲಿಸುವ ಸಾಧನ), ದಿಕ್ಕು ಬದಲಿಸಲು ಮಧ್ಯೆ ಆಫ್ ಇರುವ ಡಿಪಿಡಿಟಿ ಸ್ವಿಚ್, 1 ಆಂಪಿಯರ್ ಫ್ಯೂಸ್, ಇಷ್ಟೇ. ಎಲ್‌ಎಂ 317 ತನ್ನೆರಡು ಕಾಲುಗಳ ನಡುವೆ 1.25 ವೋಲ್ಟನ್ನು ಸ್ಥಿರವಾಗಿ ಹಿಡಿಯುವುದರಿಂದ, ಪೊಟೆನ್ಷಿಯೋಮೀಟರನ್ನು ಪೂರ್ತಿ ತಿರುಗಿಸಿದಾಗ ಹೊರಬರುವುದು 1.25ನ್ನು 2000 ಭಾಗಿಸು 240ಕ್ಕೆ ಒಂದು ಕೂಡಿಸಿದ ಮೊತ್ತದಿಂದ ಗುಣಿಸಿದಷ್ಟು, ಅಂದರೆ ಸುಮಾರು 11.7 ವೋಲ್ಟ್. 12 ವೋಲ್ಟಿನ ಎಂಜಿನ್ನಿಗೆ ಇದಕ್ಕಿಂತ ಹೆಚ್ಚು ಬೇಡ. ಪೂರ್ತಿ ಇಳಿಸಿದಾಗ ಉಳಿಯುವ 1.25 ವೋಲ್ಟಿಗೆ ಈ ಮೋಟಾರು ಕದಲುವುದಿಲ್ಲ. ರೆಗ್ಯುಲೇಟರಿಗೆ ಹೀಟ್‌ಸಿಂಕ್ ಕಡ್ಡಾಯ: ಎಂಜಿನ್ನಿಗೆ 7 ವೋಲ್ಟ್ ಕೊಡುವಾಗ ಅರ್ಧ ಆಂಪಿಯರ್ ಹರಿದರೆ, ಉಳಿದ 8 ವೋಲ್ಟಿನಿಂದ 4 ವಾಟ್ ಬಿಸಿಯಾಗಿ ಅದರಲ್ಲೇ ಉಳಿಯುತ್ತದೆ.

ಆಂಪಿಯರ್ ಮೀಟರನ್ನು ಸಾಲಿನಲ್ಲಿ ಜೋಡಿಸಿಯೇ ಮೊದಲ ಓಟ ಮಾಡಿಸಿದೆ. ಎಂಜಿನ್ ಕದಲಿದಾಗ ಮೀಟರ್ 0.7 ಆಂಪಿಯರ್ ತೋರಿಸಿತು. ಹೊಸ ಬ್ರಷ್ ಕಾಮ್ಯುಟೇಟರಿನ ಉರುಟಿಗೆ ಕೂತುಕೊಳ್ಳುವವರೆಗೆ ಹೀಗಿರುತ್ತದೆ. ಎರಡೂ ದಿಕ್ಕಿನಲ್ಲಿ ನಡುನಡುವೆ ಆರಲು ಬಿಟ್ಟು ಓಡಿಸುತ್ತಾ ಹೋದಂತೆ ಅದು 0.45ಕ್ಕೆ ಇಳಿದು, ನಾಲ್ಕು ಗೂಡ್ಸ್ ವ್ಯಾಗನ್ ಕಟ್ಟಿದಾಗಲೂ ಅರ್ಧ ಆಂಪಿಯರಿನ ಆಸುಪಾಸಿನಲ್ಲೇ ನಿಂತಿತು. ಮ್ಯಾಗ್ನೆಟ್ ಸೋತಿದ್ದರೆ ಕಾಣುವ ಲಕ್ಷಣವೇ ಬೇರೆ: ಬರಿಯ ಮೋಟಾರು ಅತಿವೇಗವಾಗಿ ತಿರುಗುತ್ತದೆ, ಭಾರ ಕಟ್ಟಿದೊಡನೆ ಸೊರಗುತ್ತದೆ, 1 ಆಂಪಿಯರ್ ಎಳೆದು ಬೆರಳಿಡಲಾರದಷ್ಟು ಬಿಸಿಯಾಗುತ್ತದೆ. ಅಂಥ ಮೋಟಾರಿಗೆ ಇಂದು ನಿಯೋಡಿಮಿಯಂ ಮ್ಯಾಗ್ನೆಟ್ ಹಾಕುವ ರೂಢಿ ಬಂದಿದೆ, ವಿದ್ಯುತ್ತಿನ ಎಳೆತವೂ ಅದರಿಂದ ಇಳಿಯುತ್ತದೆ. ಆದರೆ ಮೂರೇ ಧ್ರುವಗಳ ಈ ಆರ್ಮೇಚರಿಗೆ ಅತಿ ಬಲದ ಮ್ಯಾಗ್ನೆಟ್ ಹಾಕಿದರೆ ನಿಧಾನದ ಓಟದಲ್ಲಿ ಎಂಜಿನ್ ತಡೆತಡೆದು ಚಲಿಸುತ್ತದೆ. ಶಂಟಿಂಗ್ ಎಂಜಿನ್ನಿನ ಚೆಂದವೇ ನಿಧಾನದ ಓಟ. ಮೀಟರಿನ ಅಂಕಿ ಸರಿಯಿರುವವರೆಗೆ ನಾನು ಹಳೆಯ ಆಲ್ನಿಕೋವನ್ನೇ ಉಳಿಸಿಕೊಳ್ಳುತ್ತೇನೆ.

ಹಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಕಾಲದ ಟ್ರೈ-ಆಂಗ್ ಗಾಲಿಗಳ ಅಂಚು ಆಳ, ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ ಇಂದಿನ ಸುಮಾರು 14.5 ಮಿ.ಮೀ.ಗಿಂತ ಕಡಿಮೆ. ನೇರ ಹಳಿಯಲ್ಲಿ ತೊಂದರೆಯಿಲ್ಲ; ಇಂದಿನ ಪಾಯಿಂಟುಗಳ (ಹಳಿ ಕವಲೊಡೆಯುವ ಜಾಗಗಳ) ಮೇಲೆ ಮಾತ್ರ ಗಾಲಿ ಎಗರುತ್ತದೆ. ಗಾಲಿಯನ್ನು ಅಚ್ಚಿನ ಮೇಲೆ ಸರಿಸಿ ಅಂತರ ಹೆಚ್ಚಿಸಬಹುದಾದರೂ 90 ಡಿಗ್ರಿಯ ಹೊಂದಾಣಿಕೆಯನ್ನು ಪಣಕ್ಕಿಡುವುದು ಸರಿಯೆನಿಸಲಿಲ್ಲ. ಇದಕ್ಕೆಂದೇ ಟ್ರೈ-ಆಂಗ್‌ನ ಹಳೆಯ ಸೂಪರ್ 4 ಹಳಿಯ ಪಾಯಿಂಟುಗಳನ್ನು ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಪಾಯಿಂಟಿಲ್ಲದ ಉರುಟು ಹಳಿಯಲ್ಲೇ ಓಡಿಸುವುದು.

ಈಗ ಎಂಜಿನ್ನನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಹತ್ತಿಬಟ್ಟೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟಿದ್ದೇನೆ. ಸ್ಪಂಜಿನಲ್ಲಿ ಸುತ್ತಿಡಬಾರದು, ವರ್ಷಗಳ ಮೇಲೆ ಅದು ಅಂಟಾಗಿ ಬಣ್ಣಕ್ಕೆ ಹಿಡಿಯುತ್ತದೆ. ಆಗಾಗ ಹೊರತೆಗೆದು ಸ್ವಲ್ಪ ಹೊತ್ತು ಓಡಿಸಿ, ಆಂಪಿಯರ್ ಎಷ್ಟೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಬರೆಯುತ್ತೇನೆ; ಅಂಕಿ ಏರತೊಡಗಿದರೆ ಮೊದಲು ಕಾಮ್ಯುಟೇಟರ್, ಆಮೇಲೆ ಬ್ರಷ್, ಕೊನೆಗೆ ಮ್ಯಾಗ್ನೆಟ್ ಎಂಬ ಕ್ರಮದಲ್ಲಿ ನೋಡುವುದು. ಮುರಿದ ಬಫರಿಗೆ ಉಳಿದ ಬಫರುಗಳ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದು ಫಿಟ್ಟರ್ ಅಣ್ಣನವರಿಗೆ ಕೊಟ್ಟಿದ್ದೇನೆ, ಹಿತ್ತಾಳೆಯಲ್ಲಿ ಲೇತ್ ಮೇಲೆ ಕಡೆದುಕೊಡುವುದಾಗಿ ಹೇಳಿದ್ದಾರೆ.